ನಿಮ್ಮಜ್ಜನ ಲೆಕ್ಕದ ಪುಸ್ತಕ

ಪ್ರೀತಿಯ ರಾಘು,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ನಮ್ಮ ಗದ್ದೆಯೆಲ್ಲ ಡಿಕ್ಲರೇಶನ್‌ನಲ್ಲಿ ಹೋಯ್ತು. ಅರಸು ಒಂದು ಸಹಿ ಹಾಕಿದ್ರು, ನಿಮಗೆ ಬಂತು" ಅಂದೆ. 1974ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಗೇಣಿ ಗದ್ದೆ ಉಳುವವನಿಗೆ ಸಿಕ್ಕ ಭೂಸುಧಾರಣೆಯ ಮಾತು ಅದು. ನೋಯಿಸಬೇಕು ಅಂತ ಹೇಳಿದ್ದಲ್ಲ, ಗೊತ್ತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಾರಾಯ. ನಿಮ್ಮಜ್ಜ ಒಡೆಯರು, ನಮ್ಮಜ್ಜ ಅವರ ಗದ್ದೆ ಉತ್ತು ಭತ್ತದಲ್ಲಿ ಗೇಣಿ ಅಳೆಯುತ್ತಿದ್ದ ಗೇಣಿದಾರ. ನಾವಿಬ್ಬರು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ವಿಷಯ ಬಾಯಿಬಿಟ್ಟು ಮಾತಾಡಿಲ್ಲ, ಅಲ್ವಾ? ಈಗ ಮಾತಾಡೋಣ. ನಮ್ಮ ಹಳೇ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನೀನೂ ಹೂಂ ಅಂದಿದ್ದೀಯಲ್ಲ.

ಅದು ಒಂದು ಸಹಿಯಲ್ಲಿ ಆಗಿದ್ದಲ್ಲ ರಾಘು. ಶುರುವಾಗಿದ್ದು ಕೊಳಗದಿಂದ, ಭತ್ತ ಅಳೆಯುವ ಪಾತ್ರೆಯಿಂದ.

ಚಿಕ್ಕವರಿದ್ದಾಗ ನಿಮ್ಮ ಮನೆ ಅಟ್ಟದಿಂದ ಎರಡು ಮರದ ಕೊಳಗ ಇಳಿಸಿಕೊಂಡು ಡೋಲು ಬಾರಿಸಿದ್ದೆವು, ನೆನಪಿದೆಯಾ? ಬಾಯಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದರು. ಒಂದರೊಳಗೆ ಇನ್ನೊಂದು ಸಲೀಸಾಗಿ ಕೂರುತ್ತಿತ್ತು. ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ದೊಡ್ಡದು ಗೇಣಿ ಅಳೆಯೋಕೆ. ಚಿಕ್ಕದು ಮಳೆಗಾಲದಲ್ಲಿ ನಮಗೆ ಸಾಲದ ಭತ್ತ ಕೊಡೋಕೆ." ಅಂಗಳದಲ್ಲಿ ರಾಶಿ ಅಳೆಯುವಾಗ ಒಂದು ಅನ್ನುವ ಬದಲು ಲಾಭ ಅನ್ನುತ್ತಾರಲ್ಲ, ಆ ಲಾಭದಿಂದ ಕೊನೆಯ ಕೊಳಗದವರೆಗೆ ಅಜ್ಜ ಕೈಕಟ್ಟಿಕೊಂಡು ನಿಂತಿರುತ್ತಿದ್ದನಂತೆ. ಜಗಲಿ ಹತ್ತುವಂತಿರಲಿಲ್ಲ. ಕೊಟ್ಟಿದ್ದಕ್ಕೆ ರಸೀದಿಯೂ ಇಲ್ಲ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸಿಡಿದದ್ದು ಇದೇ ಕೊಳಗದ ಜಗಳ. ಅಳತೆ ಸರಿಯಿರಲಿ ಅಂತ ಕೇಳಿದ ದೀವರ ಸಮುದಾಯದ ಗೇಣಿದಾರರನ್ನು ಗದ್ದೆಯಿಂದ ಬಿಡಿಸಿದರು. ಗಣಪತಿಯಪ್ಪನವರು ಅವರನ್ನೆಲ್ಲ ರೈತ ಸಂಘದಲ್ಲಿ ಒಟ್ಟುಮಾಡಿದ್ದರು. ಏಪ್ರಿಲ್ ತಿಂಗಳಲ್ಲಿ ಆ ಜನ ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು. ಪೊಲೀಸರು ಹಿಡಿದರು. ಮಾರನೇ ದಿನ ಇನ್ನೊಂದು ತಂಡ ಇಳಿಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದೇ ಜೂನ್‌ನಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಆಯಿತು. ಭೂಸುಧಾರಣೆಯ ಕಾನೂನುಗಳನ್ನು ಕೋರ್ಟು ಹೊಡೆದುಹಾಕದ ಹಾಗೆ ಒಂಬತ್ತನೇ ಷೆಡ್ಯೂಲ್ ಬಂದದ್ದು ಅದರಲ್ಲೇ. ಮೇಲಿನಿಂದ ಒಂದು ಕೈ, ಕೆಳಗಿನಿಂದ ಒಂದು ಕೈ. ಎರಡೂ ಸೇರಲು ಮಾತ್ರ ಇಪ್ಪತ್ತಮೂರು ವರ್ಷ ಹಿಡಿಯಿತು.

ನಮ್ಮಜ್ಜ ಕಾಗೋಡಿಗೆ ಹೋಗಲಿಲ್ಲ. ಹೆದರಿದ್ದ. ಇದ್ದ ಗದ್ದೆ ಹೋದರೆ ಮಕ್ಕಳಿಗೆ ಏನು ಹಾಕಲಿ ಅನ್ನುವ ಹೆದರಿಕೆ. ಆ ಹೆದರಿಕೆಯನ್ನು ನಾನು ತಪ್ಪು ಅನ್ನಲಾರೆ.

ನಡುವೆ ಒಂದು ಭೂಸುಧಾರಣಾ ಕಾನೂನು ಬಂದಿತ್ತು, 1961ರದ್ದು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್‌ನಲ್ಲಿ. ಸ್ವಂತ ಸಾಗುವಳಿ ಮಾಡುತ್ತೇನೆ ಅಂತ ಹೇಳಿ ಒಡೆಯರು ಗದ್ದೆ ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ತಕರಾರು ಇದ್ದರೆ ಮುನ್ಸಿಫ್ ಕೋರ್ಟಿಗೆ ಹೋಗಬೇಕು. ಕೋರ್ಟಿಗೆ ಹೋದರೆ ವಕೀಲರು ಬೇಕು, ವಕೀಲರಿಗೆ ದುಡ್ಡು ಬೇಕು. ನಮ್ಮಂಥವರಿಗೆ ಅದರಿಂದ ಜಾಸ್ತಿ ಏನೂ ಆಗಲಿಲ್ಲ.

ದೇವರಾಜ ಅರಸರು ಮಾಡಿದ ದೊಡ್ಡ ಕೆಲಸ ಅಂದರೆ, ನನ್ನ ಪ್ರಕಾರ, ಈ ಕೋರ್ಟಿನ ಬಾಗಿಲು ತಪ್ಪಿಸಿದ್ದು. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಕೊಡಬೇಕು. ವಿಚಾರಣೆ ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ಸರ್ಕಾರ ಹಾಕಿದ ನಾಲ್ಕು ಜನ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು. ಎಂಟು ಲಕ್ಷ ಸಲ ಯಾರೋ ಒಬ್ಬರು ಒಡೆಯರಿಗೆ ಎದುರಾಗಿ ಹೆಬ್ಬೆಟ್ಟು ಒತ್ತಿದರು ಅಥವಾ ಸಹಿ ಹಾಕಿದರು. ಒಂದು ಸಹಿ ಅಂದೆಯಲ್ಲ, ಆ ಸಹಿಗಳನ್ನೂ ಲೆಕ್ಕಕ್ಕೆ ತಗೋ.

ಅಜ್ಜನ ವಿಚಾರಣೆಯ ದಿನದ ಕಥೆ ನಿನಗೆ ಗೊತ್ತಿಲ್ಲ ಅನಿಸುತ್ತದೆ. ಅಪ್ಪ ಜೊತೆಗಿದ್ದ. ರಸೀದಿ ಇದೆಯಾ ಅಂತ ಕೇಳಿದರು. ಇಲ್ಲ. ಚಕ್ಕುಬಂದಿ ಹೇಳು ಅಂದರು. ಅಜ್ಜ ಕಣ್ಣುಮುಚ್ಚಿ ಮೂಡಕ್ಕೆ ಹಳ್ಳ, ತೆಂಕಕ್ಕೆ ಹಲಸಿನ ಮರ, ಯಾವ ಅಂಚು ಯಾವ ಮಳೆಗೆ ಒಡೆಯುತ್ತದೆ ಅಂತ ಒಂದೂ ಬಿಡದೆ ಹೇಳಿದ. ಆಮೇಲೆ ನಿಮ್ಮಜ್ಜನನ್ನು ಕೇಳಿದರು, "ಉಳುತ್ತಿದ್ದದ್ದು ಇವನೇನಾ?" ನಿಮ್ಮಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಕೊನೆಗೆ "ಹೌದು, ಅವನೇ" ಅಂದರು.

ಅಲ್ಲ ಅಂದಿದ್ದರೆ? ಎಷ್ಟೋ ಒಡೆಯರು ಕೂಲಿಯಾಳು ಅಂತ ಹೇಳಿ ಗದ್ದೆ ಉಳಿಸಿಕೊಂಡರು. ನಿಮ್ಮಜ್ಜ ಹಾಗೆ ಮಾಡಲಿಲ್ಲ. ಅಪ್ಪ ಈ ಮಾತು ಹೇಳುವಾಗಲೆಲ್ಲ ಧ್ವನಿ ಸಣ್ಣ ಮಾಡುತ್ತಿದ್ದ.

ನಿಮ್ಮ ಕಡೆಯ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಗಂಡ ತೀರಿಕೊಂಡು ತವರಿಗೆ ಬಂದಿದ್ದ ನಿಮ್ಮ ದೊಡ್ಡತ್ತೆಗೆ ಇದ್ದದ್ದು ಎರಡೇ ಎಕರೆ. ಗೇಣಿಗೆ ಕೊಡದೆ ಅವರಾದರೂ ಏನು ಮಾಡಬೇಕಿತ್ತು? ಸೈನಿಕರಿಗೆ ಸಿಕ್ಕ ರಿಯಾಯಿತಿ ವಿಧವೆಯರಿಗೆ ಸಿಗಲಿಲ್ಲ. ನೂರು ಎಕರೆಯವರನ್ನೂ ಅವರನ್ನೂ ಕಾನೂನು ಒಂದೇ ಅಳತೆಯಲ್ಲಿ ಅಳೆಯಿತು. ಅದು ಅನ್ಯಾಯವೇ.

ನಮ್ಮ ಕಡೆಯದ್ದೂ ಹೇಳುತ್ತೇನೆ. ನಮ್ಮ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದ, ಕೊಯ್ಯುತ್ತಿದ್ದ ದಲಿತ ಕುಟುಂಬವೊಂದಿತ್ತು. ಅವರು ಗೇಣಿದಾರರಲ್ಲ, ಆಳುಗಳು. ಫಾರಂ 7 ಅವರಿಗಲ್ಲ. ಕೂಲಿಯವರಿಗೆ ಆ ಕಾನೂನು ಕೊಟ್ಟದ್ದು ಹೆಚ್ಚೆಂದರೆ ಗುಡಿಸಲು ನಿಂತ ಜಾಗ. ಅಜ್ಜ ಒಡೆಯನಾದ, ಅವರು ಆಳಾಗೇ ಉಳಿದರು. ನಮ್ಮ ಜಗಲಿಗೂ ಅವರು ಹತ್ತುತ್ತಿರಲಿಲ್ಲ ರಾಘು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಅಜ್ಜನ ಸಮಕ್ಕೆ ಕೆಸರು ತುಳಿದ ಅಜ್ಜಿಯ ಹೆಸರೂ ಯಾವ ಕಾಗದದಲ್ಲೂ ಬರಲಿಲ್ಲ.

2020ರಲ್ಲಿ ಅದೇ ಕಾನೂನಿನಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದಾಗ ನನಗೆ ಮೊದಲು ನೆನಪಾದದ್ದು ಆ ಕುಟುಂಬ. ಕೃಷಿಕರಲ್ಲದವರೂ ಈಗ ಜಮೀನು ಕೊಳ್ಳಬಹುದು. ನನ್ನ ಅಣ್ಣನ ಮಕ್ಕಳು ಮಾರುವ ಮಾತಾಡುತ್ತಿದ್ದಾರೆ. ಕೊಳ್ಳುವವರು ಬೆಂಗಳೂರಿನಿಂದ ಬರುತ್ತಾರೆ. ಉತ್ತವರ ಮೊಮ್ಮಕ್ಕಳು ಬೇಲಿಯ ಹೊರಗೆ ನಿಂತು ನೋಡಬೇಕಾಗುತ್ತದೆ. ನಾನು ಬೇಡ ಅಂತ ಹಟ ಹಿಡಿದಿದ್ದೇನೆ.

ಈಗ ನಿನ್ನಲ್ಲಿ ಒಂದು ಕೇಳಬೇಕು. ನಿಮ್ಮ ಹಳೇ ಮನೆ ಕೀಳಿಸುತ್ತೇನೆ ಅಂದೆಯಲ್ಲ. ಅಟ್ಟದ ಪೆಟ್ಟಿಗೆಯಲ್ಲಿ ನಿಮ್ಮಜ್ಜನ ಗೇಣಿ ಲೆಕ್ಕದ ಪುಸ್ತಕಗಳಿದ್ದವು, ಕೆಂಪು ಬಟ್ಟೆಯ ರಟ್ಟಿನವು. ಸುಮ್ನೆ ರದ್ದಿಗೆ ಹಾಕಬೇಡ. 1974ಕ್ಕೆ ಮೊದಲು ನಮ್ಮಜ್ಜನ ಹೆಸರು ಬರೆದಿಟ್ಟ ಕಾಗದ ಅಂತ ಇದ್ದರೆ ಅದೊಂದೇ. ದೀಪಾವಳಿಗೆ ಬರುತ್ತೀಯಲ್ಲ, ಜಗಲಿ ಮೇಲೆ ಕೂತು ಇಬ್ಬರೂ ನೋಡೋಣ. ಕೊಳಗ ಇದ್ದರೆ ಅವನ್ನೂ ತೆಗೆದಿಡು, ಎರಡನ್ನೂ.

ನಿನ್ನ,
ಮಂಜು