ಸೋರಿಯಾಸಿಸ್ ಇದ್ದವರಿಗೆ ಕೀಲುನೋವು ಬಂದರೆ

ಮಾನ್ಯರೇ,

ಸೋರಿಯಾಸಿಸ್ ಅಂದರೆ ಬರೀ ಚರ್ಮದ ಕಾಯಿಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ಅದು ಇರುವ 10 ಜನರಲ್ಲಿ ಇಬ್ಬರು ಮೂವರಿಗೆ ಕೀಲುವಾತವೂ ಬರುತ್ತದೆ. ನಮ್ಮ ಬೀದಿಯ ಟೈಲರ್ ಒಬ್ಬರಿಗೆ ಒಂದು ಬೆರಳು ಬುಡದಿಂದ ತುದಿವರೆಗೆ ಬಾಳೆಹಣ್ಣಿನಂತೆ ಊದಿಕೊಂಡಿತ್ತು. ಉಗುರಿನ ಮೇಲೆ ಸಣ್ಣ ಸಣ್ಣ ಕುಳಿಗಳು. ಬೆಳಿಗ್ಗೆ ಎದ್ದು ತುಂಬಾ ಹೊತ್ತು ಕತ್ತರಿ ಹಿಡಿಯೋಕೆ ಆಗುತ್ತಿರಲಿಲ್ಲ. ರುಮಟಾಯ್ಡ್ ಅನ್ನುವ ಬೇರೆ ಬಗೆಯ ಕೀಲುವಾತ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತ ಪರೀಕ್ಷೆ ನೆಗೆಟಿವ್ ಬಂತು, ಏನೂ ಇಲ್ಲ ಅಂತ ವಾಪಸ್ ಕಳಿಸಿದರು! ಸೋರಿಯಾಸಿಸ್‌ನಿಂದ ಬರುವ ಕೀಲುವಾತದಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ವೇ ಬರುವುದು, ಅಲ್ವಾ? ಒಮ್ಮೆ ಹಾಳಾದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಹಾಗಾಗಿ ಸುಮ್ನೆ ನೋವಿನ ಮಾತ್ರೆ ನುಂಗುತ್ತಾ ಕೂರದೆ ಬೇಗ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಹೋಗಿ. ಬಿಡದ ಹಿಮ್ಮಡಿ ನೋವಿದ್ದರೆ ಅದನ್ನೂ ಅವರಿಗೆ ಹೇಳಿ, ಅದೂ ಇದರ ಲಕ್ಷಣ ಇರಬಹುದು.

ಇನ್ನೊಂದು ಮಾತು. ಇದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ಅಪ್ಪಿತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮೆಡಿಕಲ್ ಸ್ಟೋರಿನವರು ವಾರದ ಯಾವ ದಿನ ತೆಗೆದುಕೊಳ್ಳಬೇಕು ಅನ್ನುವುದನ್ನು ಕವರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲಿ. ಜಿಲ್ಲಾ ಆಸ್ಪತ್ರೆಗಳಿಗೆ ವಾರಕ್ಕೊಮ್ಮೆಯಾದರೂ ಕೀಲುವಾತದ ತಜ್ಞರು ಬರುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ.

– ಓದುಗರೊಬ್ಬರು, ಹಾಸನ