ಕಾಲಿಗೂ ಕೆಲಸವಿದೆ

ಮೂಡಿಗೆರೆ
ಹೂಮಳೆಯ ಮರುದಿನ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅಳುತ್ತಿರುವಾಗಲೇ ಮಳೆ ಜೋರಾಗಿ ನೆಟ್‌ವರ್ಕ್ ಹೋಯಿತು. ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಸಿಗಲಿಲ್ಲ. ನಿದ್ದೆಯೂ ಬರಲಿಲ್ಲ. ತೋಟಕ್ಕೆ ಇಳಿಯುವ ಮೊದಲು ಇದನ್ನು ಬರೆದು ಮುಗಿಸುತ್ತೇನೆ.

ಕರಾಟೆ ಬಿಟ್ಟು ಬಾಕ್ಸಿಂಗ್‌ಗೆ ಸೇರಿದ ನೀನು "ಎಂಟು ವರ್ಷದ ಕರಾಟೆ ದಂಡವಾಯಿತಪ್ಪಾ" ಎಂದೆ. ಆ ಎಂಟು ವರ್ಷಗಳಲ್ಲಿ ನಾನೂ ಅಮ್ಮನೂ ಇದ್ದೇವೆ, ಮಗಳೇ. ವಾರಕ್ಕೆ ಮೂರು ಸಂಜೆ ಬೈಕಿನ ಹಿಂದೆ ನೀನು, ನಿನ್ನ ಮಡಿಲಲ್ಲಿ ಗೊಬ್ಬರದ ಚೀಲದಲ್ಲಿ ಸುತ್ತಿದ ಬಿಳಿ ಉಡುಪು. ಆಷಾಢದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಅಮ್ಮ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಹೊಗೆಯ ವಾಸನೆ ಹೊತ್ತೇ ನೀನು ಸ್ಪರ್ಧೆಗೆ ಇಳಿಯುತ್ತಿದ್ದೆ, ಗೆದ್ದೂ ಬರುತ್ತಿದ್ದೆ. ಅದನ್ನು ದಂಡ ಎನ್ನಲು ನಾನು ಬಿಡುವುದಿಲ್ಲ.

ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಕರಾಟೆಯ ಕಾದಾಟವಾದ ಕುಮಿತೆಯಲ್ಲಿ ಕೈಯ ಏಟಿಗೆ 1 ಅಂಕ, ತಲೆಗೆ ಒದ್ದರೆ 3. ನಿನ್ನ ಎಲ್ಲ ಗೆಲುವೂ ಆ 3 ಅಂಕದಿಂದಲೇ ಬಂದದ್ದು. ಬಾಕ್ಸಿಂಗ್‌ನಲ್ಲಿ ಅದೇ ಒದೆ ತಪ್ಪಾಟ. ಕೈಯಲ್ಲಿದ್ದ ಚಿನ್ನವನ್ನು ಕಸಿದುಕೊಂಡು ತಾಮ್ರ ಕೊಟ್ಟಂತೆ ಅನ್ನಿಸಿರಬೇಕು.

ಆದರೆ ನೀನು ಕಳುಹಿಸಿದ ಸ್ಪಾರಿಂಗ್ (ಅಭ್ಯಾಸದ ಕಾದಾಟ) ವಿಡಿಯೊವನ್ನು ನಾನು ನೋಡಿದ್ದೇನೆ. ಮೊದಲ ಸಲ ಅರ್ಧಕ್ಕೆ ನಿಲ್ಲಿಸಿ ಅಂಗಳಕ್ಕೆ ಹೋಗಿಬಿಟ್ಟೆ. ಆಮೇಲೆ ನಾಲ್ಕು ಸಲ ಪೂರ್ತಿ ನೋಡಿದೆ. ನನಗೆ ಕಂಡದ್ದು ಇಷ್ಟು: ನಿನ್ನ ತೊಂದರೆ ಕಾಲಿನದಲ್ಲ. ನೀನು ಒಂದು ಏಟು ಚೆನ್ನಾಗಿ ಹೊಡೆದ ಕೂಡಲೇ ನಿಲ್ಲುತ್ತೀಯ. ಕೈ ಕೆಳಗಿಳಿಯುತ್ತದೆ. ಕರಾಟೆಯಲ್ಲಿ ಅಂಕ ಬಂದೊಡನೆ ರೆಫರಿ "ಯಮೆ" ಎಂದು ಆಟ ನಿಲ್ಲಿಸುತ್ತಿದ್ದರಲ್ಲ, ನಿನ್ನ ಮೈ ಇನ್ನೂ ಆ ಮಾತಿಗೆ ಕಾಯುತ್ತಿದೆ. ರಿಂಗ್‌ನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 3 ನಿಮಿಷದ ಸುತ್ತು ನಡೆಯುತ್ತಲೇ ಇರುತ್ತದೆ, ಆ ಬಿಡುವಿನಲ್ಲೇ ಎದುರಾಳಿಯ ಏಟು ಬೀಳುತ್ತಿದೆ. ಮರೆಯಬೇಕಾದದ್ದು ಆ ಕಾಯುವಿಕೆಯನ್ನು ಮಾತ್ರ. ಒಳಗೆ ನುಗ್ಗಿ ಹೊರಗೆ ಜಾರುವ ನಿನ್ನ ಹೆಜ್ಜೆ, ಎದುರಾಳಿಯ ಅಳತೆ ಹಿಡಿಯುವ ಕಣ್ಣು, ಅವು ಕರಾಟೆಯವೇ, ಅವು ಅಲ್ಲಿಯೂ ನಿನ್ನವೇ. ಕೋಚ್ ಬಳಿ ಇದನ್ನು ಕೇಳಿ ನೋಡು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬಾಕ್ಸರ್ ಲವ್ಲಿನಾ ಬೊರ್ಗೊಹೈನ್ ಚಿತ್ರವನ್ನು ನಿನ್ನ ಕೋಣೆಯ ಬಾಗಿಲಿಗೆ ಅಂಟಿಸಿದ್ದೀಯಲ್ಲ, ಇನ್ನೂ ಹಾಗೆಯೇ ಇದೆ. ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಹಳ್ಳಿಯ ಆ ಹುಡುಗಿಯೂ ಶುರುಮಾಡಿದ್ದು ಬಾಕ್ಸಿಂಗ್‌ನಿಂದ ಅಲ್ಲ. ಅವಳಿ ಅಕ್ಕಂದಿರು ಕಿಕ್‌ಬಾಕ್ಸಿಂಗ್ ಆಡುತ್ತಿದ್ದರು, ಈಕೆ ಥಾಯ್ಲೆಂಡಿನ ಕಾದಾಟದ ಕಲೆ ಮುಯ್ ಥಾಯ್ ಕಲಿತಳು. ಅದರಲ್ಲಿ ಮೊಣಕೈ, ಮೊಣಕಾಲು, ಒದೆ ಎಲ್ಲಕ್ಕೂ ಅವಕಾಶವಿದೆ. 2012ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಆರಿಸಿದ ಮೇಲೆ ಬರಿಯ ಎರಡು ಮುಷ್ಟಿಗೆ ಒಗ್ಗಿಕೊಳ್ಳಬೇಕಾಯಿತು. ಟೋಕಿಯೊ ಒಲಿಂಪಿಕ್ಸ್ ಪದಕ ಬಂದದ್ದು 2021ರಲ್ಲಿ. ನಡುವೆ 9 ವರ್ಷ! ಅಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಮಣಿಸಿದ ತೈವಾನಿನ ಚೆನ್ ನಿಯೆನ್ ಚಿನ್ ಎದುರು ಆಕೆ ಹಿಂದೆ ಸೋತಿದ್ದಳು ಎಂಬುದನ್ನೂ ನೆನಪಿಡು. ಅಷ್ಟಕ್ಕೇ ಮುಗಿಯಲಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಆಕೆಯ 69 ಕೆ.ಜಿ. ವಿಭಾಗವನ್ನೇ ತೆಗೆದುಹಾಕಿದರು. 75ಕ್ಕೆ ಏರಿ, ತನಗಿಂತ ಗಟ್ಟಿಮುಟ್ಟಾದವರ ನಡುವೆ ಮತ್ತೆ ಮೊದಲಿನಿಂದ ಕಲಿತು, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಪ್ಯಾರಿಸ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತಳು, ನಿಜ. ಆ ದಿನ ನಮ್ಮ ಮನೆಯಲ್ಲಿ ನೀನು ಊಟ ಬಿಟ್ಟಿದ್ದೆ.

ಕೆರೆಯ ಪಕ್ಕದ ಹಳೆಯ ರೊಬಸ್ಟಾ ಕಾಫಿ ಗಿಡಗಳ ಸಾಲನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆವಲ್ಲ, ಎರಡು ವರ್ಷ ಅಲ್ಲಿ ಒಂದು ಹಣ್ಣು ಸಿಗಲಿಲ್ಲ. ಇವತ್ತು ಬೆಳಗ್ಗೆ ಹೋಗಿ ನೋಡಿದೆ, ಮೊಗ್ಗು ತುಂಬಿಕೊಂಡಿದೆ. ಇನ್ನೊಂದು ವಾರದಲ್ಲಿ ಇಡೀ ಸಾಲು ಬೆಳ್ಳಗಾಗುತ್ತದೆ. ನಿನಗೂ ಆ ಎರಡು ಖಾಲಿ ವರ್ಷಗಳನ್ನು ಕೊಡಲು ನಾನು ಸಿದ್ಧನಿದ್ದೇನೆ. ಖರ್ಚಿನ ಚಿಂತೆ ನನ್ನದು.

ನನ್ನ ಭಯವನ್ನೂ ಹೇಳಿಬಿಡುತ್ತೇನೆ. ನಿನ್ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮೂರು ವಾರ ತಡ ಮಾಡಿದೆನಲ್ಲ, ಅದು ಮದುವೆ, ಮೂಗು, ಊರಿನವರ ಮಾತು ಇವಕ್ಕಾಗಿ ಅಲ್ಲ. ನಿನ್ನ ತಲೆಗಾಗಿ. ತಲೆಯ ಕವಚ ಗಾಯವನ್ನು ತಡೆಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಏಟು ಬಿದ್ದ ಮೇಲೆ ತಲೆನೋವು ಬಂದರೆ, ವಾಕರಿಕೆಯಾದರೆ, ಕಣ್ಣು ಮಂಜಾದರೆ ಅಂದೇ ಕೋಚ್‌ಗೂ ವೈದ್ಯರಿಗೂ ಹೇಳಬೇಕು. ತಂಡದಿಂದ ಬಿಡುತ್ತಾರೆ ಎಂದು ಮುಚ್ಚಿಡಬೇಡ. ತೂಕ ಇಳಿಸಲು ನೀರು ಬಿಡಬೇಡ. ಈ ಎರಡನ್ನು ಅಪ್ಪ ಬೇಡಿಕೊಂಡದ್ದು ಎಂದೇ ತಿಳಿ.

ಶುಕ್ರವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಿದ್ದೇನೆ. ಅಮ್ಮ ಕಾಳುಮೆಣಸಿನ ಕಷಾಯದ ಪುಡಿ ಕಟ್ಟಿಟ್ಟಿದ್ದಾಳೆ. ಶನಿವಾರದ ಅಭ್ಯಾಸವನ್ನು ಹೊರಗೆ ಕೂತು ನೋಡಲು ಪೋಷಕರನ್ನು ಬಿಡುತ್ತಾರೆಯೇ, ಕೇಳಿ ತಿಳಿಸು. ಈ ಸಲ ಪೂರ್ತಿ ನೋಡುತ್ತೇನೆ.

ನಿನ್ನ
ಅಪ್ಪ