ತಾಳೆಯಾಗದ ಲೆಕ್ಕ

ಚಿರಂಜೀವಿ ಸುಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ನೆಲ ವರ್ಷಕ್ಕೆಷ್ಟು ಸರಿಯುತ್ತಿದೆ ಎಂದು ಜಿಪಿಎಸ್ ಹೇಳುವ ಲೆಕ್ಕದ ಮುಂದೆ, ಸ್ತರಭಂಗಗಳ, ಎಂದರೆ ಎರಡು ಬದಿಯ ನೆಲ ಪರಸ್ಪರ ಜಾರುವ ಸೀಳುಗಳ, ಮೇಲೆ ಸರಿದು ಕೂತ ಹಳೆಯ ಹಳ್ಳಗಳ ಲೆಕ್ಕ ಸುಮಾರು ಅರ್ಧಕ್ಕೇ ನಿಲ್ಲುತ್ತದೆ, ಆ ಮಣ್ಣಿನ ಲೆಕ್ಕವನ್ನು ಪ್ರಬಂಧದಿಂದ ಬಿಟ್ಟುಬಿಡಲೇ ಎಂದು ಕೇಳಿದ್ದೀಯೆ. ಬೇಡ. ಆ ಕೊರತೆಯೇ ನಿನ್ನ ಕೈಗೆ ಸಿಕ್ಕಿರುವ ಒಳ್ಳೆಯ ಸರಕು.

ತಾಳೆಯಾಗುವ ಜಾಗಗಳೂ ಇವೆ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲಿನ ವ್ಯಾಲೇಸ್ ಕ್ರೀಕ್ ಎಂಬ ತೊರೆ ಸುಮಾರು 3,700 ವರ್ಷಗಳಲ್ಲಿ 130 ಮೀಟರ್‌ನಷ್ಟು ಪಕ್ಕಕ್ಕೆ ಸರಿದಿದೆ. ಭಾಗಿಸಿ ನೋಡು, ವರ್ಷಕ್ಕೆ 35 ಮಿಲಿಮೀಟರ್. ಜಿಪಿಎಸ್ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಪಾಠದಲ್ಲಿ ಓದಿದವರಿಗೆ ಎಲ್ಲ ಕಡೆಯೂ ಹೀಗೇ ಇರಬೇಕೆನಿಸುತ್ತದೆ, ನನಗೂ ಅನಿಸಿತ್ತು. ಆದರೆ ಮೊಹಾವೆಯಲ್ಲಿ 1992ರಲ್ಲಿ ಲ್ಯಾಂಡರ್ಸ್, 1999ರಲ್ಲಿ ಹೆಕ್ಟರ್ ಮೈನ್ ಎಂದು ಏಳು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಭೂಕಂಪಗಳಾದವು. ಅಂಥ ಕಂಪನದ ಮೇಲೆ ಆಳದ ಬಿಸಿ ಶಿಲೆ ವರ್ಷಗಟ್ಟಲೆ ನಿಧಾನವಾಗಿ ಹರಿಯುತ್ತಿರುತ್ತದೆ, ಜಿಪಿಎಸ್ ಅದನ್ನೂ ಸೇರಿಸಿಯೇ ಎಣಿಸುತ್ತದೆ. ಇಲ್ಲವೇ ಸರಿದಾಟದ ಒಂದು ಪಾಲು ಮುಖ್ಯ ಸೀಳನ್ನು ಬಿಟ್ಟು ಅಕ್ಕಪಕ್ಕದ ಬಂಡೆಗಳಲ್ಲಿ ಹಂಚಿಹೋಗಿರಬಹುದು. ಇಲ್ಲವೇ ನಮ್ಮ ಈ ಕೆಲವು ದಶಕಗಳೇ ನೆಲಕ್ಕೆ ಅವಸರದ ಕಾಲವಾಗಿರಬಹುದು. ಯಾವುದು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ನೀನು ಒಂದು ಪಕ್ಷವನ್ನು ಮನೆಗೆ ಕಳುಹಿಸಿ ತೀರ್ಪು ಕೊಡಲು ಹೊರಟಿದ್ದೀಯೆ!

ಹಾಗೆಂದು ಮಣ್ಣನ್ನು ಕಣ್ಣು ಮುಚ್ಚಿ ನಂಬು ಎನ್ನುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಸ್ತರಭಂಗಕ್ಕೆ ಅಡ್ಡಲಾಗಿ ತೋಡಿದ ಒಂದು ಕಂದಕದ ಗೋಡೆಯಿಂದ ಬಟಾಣಿ ಗಾತ್ರದ ಇದ್ದಿಲಿನ ಚೂರನ್ನು ಕೆದಕಿ ತೆಗೆದು, ಕಾರ್ಬನ್ ಕಾಲನಿರ್ಣಯಕ್ಕೆ ಕಳುಹಿಸಿದೆ. ಅದರ ಮೇಲಿನ ಪದರಕ್ಕಿಂತ ಚೂರೇ ಎಳೆಯದು ಎಂದು ಫಲಿತಾಂಶ ಬಂತು. ಪ್ರಯೋಗಾಲಯದವರನ್ನು ಮನಸಾರೆ ಬೈದೆ. ಮತ್ತೆ ಕಂದಕಕ್ಕಿಳಿದು ದೀಪ ಹಿಡಿದಾಗ ಕಂಡಿದ್ದು, ಚೂರಿದ್ದ ಜಾಗದ ಸುತ್ತ ಮುಷ್ಟಿಯಗಲದ ದುಂಡನೆಯ ಸಡಿಲ ಮಣ್ಣು. ಇಲಿಯ ಬಿಲ! ಮೇಲಿನ ಇದ್ದಿಲು ಅದರಲ್ಲಿ ಜಾರಿ ಕೆಳಗೆ ಬಿದ್ದಿತ್ತು. ಮಾದರಿ ತೆಗೆಯುವ ಮುನ್ನ ಗೋಡೆಯ ಚಿತ್ರ ಬರೆದಿದ್ದರೆ ಆವತ್ತೇ ಗೊತ್ತಾಗುತ್ತಿತ್ತು.

ಜಿಪಿಎಸ್‌ಗೂ ಇಂಥ ಬಿಲಗಳಿವೆ. ಮಳೆನೀರಿನ ಭಾರಕ್ಕೆ ನೆಲ ತಗ್ಗುತ್ತದೆ, ಒಣಗಿದಾಗ ಏಳುತ್ತದೆ. ಒಂದೇ ವರ್ಷದ ದತ್ತಾಂಶದ ಮೇಲೆ ಗೆರೆ ಎಳೆದರೆ ಋತುಮಾನವನ್ನೇ ಭೂಫಲಕದ ಚಲನೆ ಎಂದು ಬರೆದುಬಿಡುತ್ತೀಯೆ. ನಿನ್ನ ಹೊಸ ಜಿಪಿಎಸ್ ಕೇಂದ್ರಗಳಿಗೆ ಕನಿಷ್ಠ ಎರಡೂವರೆ ವರ್ಷವಾದರೂ ಆಗಲಿ.

ತಾಳೆಯಾಗದ ಲೆಕ್ಕವೂ ವ್ಯರ್ಥವಲ್ಲ. ಸ್ಯಾನ್ ಆಂಡ್ರಿಯಾಸ್ ಮೇಲಿನ ಪಾರ್ಕ್‌ಫೀಲ್ಡ್‌ನ ಕಥೆ ನಿನಗೆ ಗೊತ್ತೇ ಇದೆ. ಸುಮಾರು 22 ವರ್ಷಕ್ಕೊಮ್ಮೆ ಕಂಪಿಸುವ ಊರು ಎಂದು ಲೆಕ್ಕಹಾಕಿ, 1993ರೊಳಗೆ ಆಗಲೇಬೇಕೆಂದು ಉಪಕರಣಗಳನ್ನು ಹೂಡಿ ಕಾದರು. ಅದು 2004ರಲ್ಲಿ ಬಂತು. ಹಾಗೆ ಹೂಡಿಟ್ಟ ಉಪಕರಣಗಳು ಅಲ್ಲೇ ಇದ್ದುದರಿಂದ ಆ ಭೂಕಂಪವನ್ನು ಅಷ್ಟು ಹತ್ತಿರದಿಂದ ದಾಖಲಿಸಲಾಯಿತು.

ಎರಡೂ ಅಂಕಿಗಳನ್ನು ಅವುಗಳ ದೋಷಮಿತಿಯ ಸಮೇತ ಒಂದೇ ನಕ್ಷೆಯಲ್ಲಿ ಹಾಕು. ಮಾರ್ಗದರ್ಶಕರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಮುಂದಿನ ಪತ್ರದ ಜೊತೆ ಕಂದಕದ ಗೋಡೆಯ ಚಿತ್ರ ಕಳುಹಿಸು. ಫೋಟೋ ಬೇಡ, ಕೈಯಲ್ಲಿ ಬರೆದದ್ದು.

ನಿನ್ನ ಮಾವ